ಅಂಕಿಯ ಮೂಲ ಹುಡುಕೋದು ಹೇಗೆ? ಸೈನ್ಸ್ ಪ್ರಾಜೆಕ್ಟ್‌ಗೆ ಆನ್‌ಲೈನ್ ಮಾಹಿತಿ ಹುಡುಕೋರು ಪದೇ ಪದೇ ಕೇಳುವ ಪ್ರಶ್ನೆಗಳು

ನದಿಮೂಲ ಋಷಿಮೂಲ ಹುಡುಕಬಾರದು ಅಂತ ದೊಡ್ಡೋರು ಹೇಳ್ತಾರೆ. ಇರ್ಲಿ, ಆದ್ರೆ ಸೈನ್ಸ್ ಪ್ರಾಜೆಕ್ಟ್‌ನಲ್ಲಿ ಒಂದು ಅಂಕಿ ಬರೆದ್ರಿ ಅಂದ್ರೆ ಅದರ ಮೂಲ ಹುಡುಕಲೇಬೇಕು. ನಾನು ಸುಮಾರು ವರ್ಷದಿಂದ ಮಕ್ಕಳ ಪ್ರಾಜೆಕ್ಟ್ ನೋಡೋದು, ತಿದ್ದೋದು, ಒಂದೊಂದ್ಸಲ ಜಡ್ಜ್ ಆಗಿ ಕೂರೋದು ಎಲ್ಲಾ ಮಾಡ್ತಾ ಇದೀನಿ, ಚಾರ್ಟ್ ಏನೋ ಸೂಪರಾಗಿರತ್ತೆ, ಬಣ್ಣ ಇರತ್ತೆ, ಲೈಟ್ ಹತ್ತತ್ತೆ, "ಈ ನಂಬರ್ ಎಲ್ಲಿಂದ ಬಂತು ಪುಟ್ಟಾ" ಅಂತ ಕೇಳಿದ ತಕ್ಷಣ ಮುಖ ಬಾಡತ್ತೆ, "ಗೂಗಲ್ ಸರ್" ಅಂತಾರೆ. ಗೂಗಲ್ ಏನನ್ನೂ ಅಳೆದಿಲ್ಲ ಕಣಪ್ಪಾ. ಮಕ್ಕಳು, ಅಪ್ಪ ಅಮ್ಮಂದಿರು, ಕೆಲವು ಟೀಚರ್‌ಗಳು ಕೂಡ ಕೇಳೋ ಪ್ರಶ್ನೆಗಳನ್ನ ಒಂದು ಕಡೆ ಹಾಕಿದೀನಿ. ನಿಮಗೆ ಬೇಕಾಗಿದ್ದನ್ನ ಮಾತ್ರ ಓದ್ಕೊಳ್ಳಿ.

ಗೂಗಲ್‌ನಲ್ಲಿ ಮೊದಲು ಬಂದಿದ್ದನ್ನೇ ಬರ್ಕೊಂಡ್ರೆ ಏನಾಗತ್ತೆ?

ಕೆಲವು ಸಲ ಏನೂ ಆಗಲ್ಲ, ಸರಿಯಾಗೇ ಇರತ್ತೆ. ಆದ್ರೆ ಮೊದಲು ಬರೋದಕ್ಕೂ ಸರಿಯಾಗಿರೋದಕ್ಕೂ ನೇರ ಸಂಬಂಧ ಇಲ್ಲ. ಕೆಲವು ಜಾಹೀರಾತು, ಅದರ ಪಕ್ಕದಲ್ಲಿ ಸ್ಪಾನ್ಸರ್ಡ್ ಅಂತ ಸಣ್ಣಕ್ಷರದಲ್ಲಿ ಇರತ್ತೆ, ಯಾರೂ ನೋಡಲ್ಲ. ಇನ್ನು ಕೆಲವು, ಸರ್ಚ್‌ನಲ್ಲಿ ಮೇಲೆ ಬರ್ಲಿ ಅಂತಾನೇ ಬರೆದಿರೋ ಪೇಜ್‌ಗಳು. ಅದನ್ನ ಬರೆದವರಿಗೆ ವಿಷಯ ಗೊತ್ತಿರ್ಬೇಕು ಅಂತೇನಿಲ್ಲ, ಜನ ಯಾವ ಪದ ಹಾಕಿ ಹುಡುಕ್ತಾರೆ ಅನ್ನೋದು ಗೊತ್ತಿದ್ರೆ ಸಾಕು. ಈಗಂತೂ ಎಲ್ಲಕ್ಕಿಂತ ಮೇಲೆ ಎಐ ಬರೆದ ಸಾರಾಂಶ ಬಂದು ಕೂತ್ಕೊಳ್ಳತ್ತೆ. ಅದರ ಕೆಳಗೇ ಲಿಂಕ್‌ಗಳೂ ಇರತ್ತೆ, ಆ ಲಿಂಕ್ ಒತ್ತಿ ಒಳಗೆ ಹೋಗಿ ಆ ಮಾತು ನಿಜವಾಗ್ಲೂ ಅಲ್ಲಿದೆಯಾ ಅಂತ ನೋಡೋ ಮಗು ಹತ್ತರಲ್ಲಿ ಒಂದೂ ನಂಗೆ ಸಿಕ್ಕಿಲ್ಲ.

ಸುಲಭದ ಅಭ್ಯಾಸ ಒಂದಿದೆ. ರಿಸಲ್ಟ್ ಬಂದ ಮೇಲೆ ತಕ್ಷಣ ಒತ್ತಬೇಡಿ, ಪೂರ್ತಿ ಮೊದಲ ಪೇಜ್ ಕೆಳಗಿನವರೆಗೂ ನೋಡಿ, ಯಾರ್ಯಾರ ಸೈಟ್ ಬಂದಿದೆ ಅಂತ ಓದಿ, ಆಮೇಲೆ ಯಾವುದನ್ನ ತೆಗೀಬೇಕು ಅಂತ ನೀವು ಡಿಸೈಡ್ ಮಾಡಿ.

ವಿಕಿಪೀಡಿಯ ಬಳಸ್ಬಹುದಾ? ಮಿಸ್ ಬೇಡ ಅಂದಿದಾರೆ.

ಓದೋಕೆ ಬಳಸಿ, ಸೋರ್ಸ್ ಪಟ್ಟಿಯಲ್ಲಿ ಹಾಕ್ಬೇಡಿ, ಮಿಸ್ ಹೇಳಿದ್ದೂ ಬಹುಶಃ ಅದೇ. ವಿಕಿಪೀಡಿಯ 2001ರಲ್ಲಿ ಶುರುವಾಯ್ತು, 2005ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯವರು ಅದರ 42 ವಿಜ್ಞಾನ ಲೇಖನಗಳನ್ನ ಬ್ರಿಟಾನಿಕಾ ವಿಶ್ವಕೋಶದ ಜೊತೆ ಇಟ್ಟು ತಜ್ಞರ ಕೈಲಿ ಚೆಕ್ ಮಾಡಿಸಿದ್ರು. ಒಂದು ಲೇಖನಕ್ಕೆ ಸರಾಸರಿ ವಿಕಿಪೀಡಿಯದಲ್ಲಿ ಸುಮಾರು 4 ತಪ್ಪು, ಬ್ರಿಟಾನಿಕಾದಲ್ಲಿ ಸುಮಾರು 3. ಬ್ರಿಟಾನಿಕಾದವರಿಗೆ ಸಿಟ್ಟು ಬಂದು ದೊಡ್ಡ ಜಗಳಾನೇ ಆಯ್ತು, ಅದು ಬೇರೆ ಕಥೆ. ನಂಗೆ ಇದರಲ್ಲಿ ಕಾಣಿಸೋದು ಏನಂದ್ರೆ ಎರಡರಲ್ಲೂ ತಪ್ಪಿತ್ತು, ಬ್ರಿಟಾನಿಕಾ ಅಂದ ಮಾತ್ರಕ್ಕೆ ಕಣ್ಣು ಮುಚ್ಕೊಂಡು ನಂಬೋ ಹಾಗಿಲ್ಲ.

ವಿಕಿಪೀಡಿಯದ ನಿಜವಾದ ಬೆಲೆ ಪೇಜ್‌ನ ಕೆಳಗಡೆ ಇದೆ. ವಾಕ್ಯಗಳ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಸಣ್ಣ ನಂಬರ್ ಇರತ್ತಲ್ಲ, ಅದನ್ನ ಒತ್ತಿದ್ರೆ ಆ ಮಾತು ಎಲ್ಲಿಂದ ಬಂತು ಅಂತ ತೋರಿಸತ್ತೆ, ಅಲ್ಲಿಗೆ ಹೋಗಿ ಓದಿ, ಸರಿ ಇದ್ರೆ ಅದನ್ನ ಸೋರ್ಸ್ ಅಂತ ಬರೀರಿ. ನಂಬರೇ ಇಲ್ಲದ ವಾಕ್ಯ ಆದ್ರೆ ಬಿಟ್ಟಾಕಿ. ಚರ್ಚೆ ಅನ್ನೋ ಟ್ಯಾಬ್ ಕೂಡ ಒಂದ್ಸಲ ಒತ್ತಿ ನೋಡಿ, ಯಾವ ವಿಷಯದ ಬಗ್ಗೆ ಜನ ಒಳಗೊಳಗೇ ಕಿತ್ತಾಡ್ತಾ ಇದಾರೆ ಅಂತ ಗೊತ್ತಾಗತ್ತೆ, ಎಷ್ಟೋ ಸಲ ಒಳ್ಳೆ ಪ್ರಾಜೆಕ್ಟ್ ಐಡಿಯಾನೇ ಅಲ್ಲಿ ಸಿಗತ್ತೆ.

ಒಂದು ಸೈಟ್ ನಂಬಬಹುದಾ ಇಲ್ವಾ ಅಂತ ನೋಡಿದ ತಕ್ಷಣ ಹೇಗೆ ಹೇಳೋದು?

ಆ ಸೈಟನ್ನೇ ನೋಡ್ತಾ ಕೂತ್ರೆ ಹೇಳೋಕಾಗಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ. 1998ರಲ್ಲಿ ಒಬ್ಬರು ತಮಾಷೆಗೆ ಒಂದು ಸೈಟ್ ಮಾಡಿದ್ರು, ಅಮೆರಿಕದ ವಾಯವ್ಯ ಭಾಗದ ಕಾಡಲ್ಲಿ ಮರದ ಮೇಲೆ ವಾಸ ಮಾಡೋ ಆಕ್ಟೋಪಸ್ ಇದೆ, ಅದು ಅಳಿವಿನಂಚಲ್ಲಿದೆ, ಉಳಿಸಿ ಅಂತ. ಫೋಟೋ, ವೈಜ್ಞಾನಿಕ ಹೆಸರು, ಲಿಂಕ್‌ಗಳು, ಏನುಂಟು ಏನಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನ ಏಳನೇ ಕ್ಲಾಸ್ ಮಕ್ಕಳಿಗೆ ತೋರಿಸಿದಾಗ ಹೆಚ್ಚುಕಮ್ಮಿ ಎಲ್ಲರೂ ನಂಬಿಬಿಟ್ರು, ಅವರೆಲ್ಲ ಓದೋದ್ರಲ್ಲಿ ಚೆನ್ನಾಗಿದ್ದ ಮಕ್ಕಳೇ ಅನ್ನೋದು ಗಮನಿಸಬೇಕಾದ್ದು.

ಹಾಗಾದ್ರೆ ಏನ್ ಮಾಡೋದು? ಇದಕ್ಕೆ ಚೆನ್ನಾಗಿರೋ ಉತ್ತರ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೊಟ್ಟಿದಾರೆ. 10 ಜನ ಇತಿಹಾಸಕಾರರು, ಸುದ್ದಿ ನಿಜವೋ ಸುಳ್ಳೋ ಅಂತ ಚೆಕ್ ಮಾಡೋದೇ ಕೆಲಸ ಆಗಿರೋ 10 ಜನ ಫ್ಯಾಕ್ಟ್‌ಚೆಕರ್‌ಗಳು, 25 ಜನ ಕಾಲೇಜ್ ವಿದ್ಯಾರ್ಥಿಗಳು, ಇವರನ್ನ ಕೂರಿಸಿ ಕೆಲವು ಸೈಟ್ ಕೊಟ್ಟು ಯಾವುದು ನಂಬಬಹುದು ಹೇಳಿ ಅಂದ್ರು. ಇತಿಹಾಸಕಾರರು, ವಿದ್ಯಾರ್ಥಿಗಳು ಇಬ್ರೂ ಆ ಪೇಜ್‌ನಲ್ಲೇ ಮೇಲೆ ಕೆಳಗೆ ಓಡಾಡಿದ್ರು, ಲೋಗೋ ನೋಡಿದ್ರು, ನಮ್ಮ ಬಗ್ಗೆ ಅನ್ನೋದನ್ನ ಓದಿದ್ರು, ಎಷ್ಟೋ ಜನ ಬೇಸ್ತು ಬಿದ್ರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಪೇಜ್ ತೆಗೆದ ಸ್ವಲ್ಪ ಹೊತ್ತಿಗೇ ಅದನ್ನ ಅಲ್ಲೇ ಬಿಟ್ಟು ಹೊಸ ಟ್ಯಾಬ್ ತೆಗೆದು ಈ ಸಂಸ್ಥೆ ಬಗ್ಗೆ ಬೇರೆಯವರು ಏನಂತಾರೆ ಅಂತ ಹುಡುಕಿದ್ರು. ಕಡಿಮೆ ಓದಿ ಸರಿಯಾದ ಉತ್ತರಕ್ಕೆ ಬೇಗ ಬಂದ್ರು.

ಮದುವೆ ಸಂಬಂಧ ನೋಡೋಕೆ ಹೋದಾಗ ಹುಡುಗನ್ನೇ "ನೀನು ಒಳ್ಳೆಯವನಾ" ಅಂತ ಕೇಳ್ತಾರಾ? ಅಕ್ಕಪಕ್ಕದವರನ್ನ ವಿಚಾರಿಸ್ತಾರೆ. ಇಲ್ಲೂ ಅಷ್ಟೇ. ಸೈಟ್ ಹೆಸರು ಹಾಕಿ, ಬರೆದವರ ಹೆಸರು ಹಾಕಿ, ಬೇರೆ ಟ್ಯಾಬ್‌ನಲ್ಲಿ ಎರಡು ನಿಮಿಷ ಹುಡುಕಿ.

ಸೈಟ್ ಅಡ್ರೆಸ್ ಕೊನೆಯಲ್ಲಿ ಡಾಟ್ ಆರ್ಗ್, ಡಾಟ್ ಎಜು ಅಂತಿದ್ರೆ ಸೇಫ್ ಅಲ್ವಾ?

ಡಾಟ್ ಆರ್ಗ್ ಯಾರು ಬೇಕಾದ್ರೂ ದುಡ್ಡು ಕೊಟ್ಟು ತಗೋಬಹುದು, ಅದಕ್ಕೆ ಯಾವ ಬೆಲೆನೂ ಕೊಡ್ಬೇಡಿ. ಡಾಟ್ ಎಜು 2001ರಿಂದ ಮಾನ್ಯತೆ ಇರೋ ಅಮೆರಿಕದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡ್ತಾರೆ, ಡಾಟ್ ಗವ್ ಅಲ್ಲಿನ ಸರ್ಕಾರಿ ಸಂಸ್ಥೆಗಳಿಗೆ, ಬೇರೆ ಎಷ್ಟೋ ದೇಶಗಳಲ್ಲಿ ಗವ್ ಆದ್ಮೇಲೆ ದೇಶದ ಎರಡಕ್ಷರ ಸೇರತ್ತೆ. ಇವು ಸ್ವಲ್ಪ ವಾಸಿ. ಆದ್ರೆ ಡಾಟ್ ಎಜು ಒಳಗೆ ಒಬ್ಬ ಸ್ಟೂಡೆಂಟ್ ಬರೆದ ಹೋಮ್‌ವರ್ಕ್ ಕೂಡ ಇರತ್ತೆ, ಪ್ರೊಫೆಸರ್ ತನಗೆ ಸಂಬಂಧನೇ ಇಲ್ಲದ ವಿಷಯದ ಬಗ್ಗೆ ಬರೆದಿದ್ದೂ ಇರತ್ತೆ. ಹಾಗೇ ಡಾಟ್ ಕಾಮ್ ಎಲ್ಲಾ ಕೆಟ್ಟದ್ದು ಅಂತಲೂ ಅಲ್ಲ, ನೇಚರ್ ಪತ್ರಿಕೆಯ ಸೈಟೇ ಡಾಟ್ ಕಾಮ್.

ಐದು ಸೈಟ್ ನೋಡಿದೆ, ಐದರಲ್ಲೂ ಅದೇ ಇದೆ. ಆಮೇಲೂ ಡೌಟ್ ಪಡ್ಬೇಕಾ?

ಹೌದು, ಐದು ಜನ ಒಬ್ಬನನ್ನೇ ನೋಡಿ ಕಾಪಿ ಹೊಡೆದಿದ್ರೆ ಅದು ಐದು ಸಾಕ್ಷಿ ಆಗಲ್ಲ, ಒಂದೇ. ನಾಲಿಗೆಯ ಮ್ಯಾಪ್ ನೋಡಿರ್ತೀರಿ, ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕದಲ್ಲಿ ಹುಳಿ ಉಪ್ಪು ಅಂತ ಬಣ್ಣ ಬಣ್ಣವಾಗಿ. ಅದರ ಮೂಲಕ್ಕೆ ಹೋದ್ರೆ 1901ರಲ್ಲಿ ಹೇನಿಗ್ ಅನ್ನೋ ಜರ್ಮನ್ ವಿಜ್ಞಾನಿ ನಾಲಿಗೆಯ ಬೇರೆ ಬೇರೆ ಜಾಗದಲ್ಲಿ ರುಚಿ ಗೊತ್ತಾಗೋ ಸೂಕ್ಷ್ಮತೆ ಅಳೆದಿದ್ದ, ಸಿಕ್ಕಿದ್ದು ತೀರಾ ಚಿಕ್ಕ ವ್ಯತ್ಯಾಸ. 1942ರಲ್ಲಿ ಬೋರಿಂಗ್ ಅನ್ನೋ ಅಮೆರಿಕದ ಮನೋವಿಜ್ಞಾನಿ ತನ್ನ ಪುಸ್ತಕದಲ್ಲಿ ಅದನ್ನ ಗ್ರಾಫ್ ಮಾಡಿ ಹಾಕಿದ, ಆ ಗ್ರಾಫ್ ನೋಡಿದ್ರೆ ಚಿಕ್ಕ ವ್ಯತ್ಯಾಸ ಅಂತ ಅನ್ಸೋದೇ ಇಲ್ಲ, ಅಲ್ಲಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ಚಾರ್ಟ್‌ಗೆ, ಅಲ್ಲಿಂದ ಇಂಟರ್ನೆಟ್‌ಗೆ. 1974ರಲ್ಲಿ ಕಾಲಿಂಗ್ಸ್ ಅನ್ನೋರು ಮತ್ತೆ ಅಳೆದು ನೋಡಿ, ವ್ಯತ್ಯಾಸ ಇದ್ರೂ ಲೆಕ್ಕಕ್ಕಿಲ್ಲದಷ್ಟು ಅಂದ್ರು. ಎಲ್ಲಾ ರುಚಿಯೂ ನಾಲಿಗೆಯ ಎಲ್ಲಾ ಕಡೆ ಗೊತ್ತಾಗತ್ತೆ, ಒಂದು ಚಿಟಿಕೆ ಉಪ್ಪು ತುದಿಗೆ ಇಟ್ಕೊಂಡ್ರೆ ನಿಮಗೇ ತಿಳಿಯತ್ತೆ. ಆದ್ರೂ ಮ್ಯಾಪ್ ಇನ್ನೂ ಓಡಾಡ್ತಾ ಇದೆ, ಪ್ರತಿ ವರ್ಷ ಒಬ್ರಾದ್ರೂ ಅದನ್ನ ಥರ್ಮಕೋಲ್‌ನಲ್ಲಿ ಮಾಡ್ಕೊಂಡು ಬರ್ತಾರೆ.

ನನ್ನ ಒಂದೇ ಪ್ರಶ್ನೆ ಯಾವಾಗ್ಲೂ: ಇದನ್ನ ಅಳೆದವರು ಯಾರು? ಹೆಸರು ಸಿಗ್ತಾ ಹೋಗ್ಬೇಕು. ಹೆಸರು ಸಿಗದೆ "ವಿಜ್ಞಾನಿಗಳ ಪ್ರಕಾರ", "ಒಂದು ಅಧ್ಯಯನದಂತೆ" ಅಂತಲೇ ಸುತ್ತು ಹೊಡೀತಾ ಇದ್ರೆ ಅದು ಅಂತೆ ಕಂತೆಗಳ ಸಂತೆ, ಅಲ್ಲಿಂದ ಎದ್ದು ಬನ್ನಿ.

ಎರಡು ಒಳ್ಳೆ ಸೈಟ್, ಎರಡರಲ್ಲೂ ಬೇರೆ ಬೇರೆ ನಂಬರ್. ಯಾವುದು ಬರೀಲಿ?

ಡೇಟ್ ನೋಡಿ. ಶನಿ ಗ್ರಹಕ್ಕೆ ಎಷ್ಟು ಚಂದ್ರ ಅಂತ ಹುಡುಕಿದ್ರೆ 82, 146, 274 ಮೂರೂ ಸಿಗತ್ತೆ, ಮೂರೂ ಸುಳ್ಳಲ್ಲ, 2019ರ ಲೆಕ್ಕ 82, 2023ರ ಲೆಕ್ಕ 146, 2025ರ ಮಾರ್ಚ್‌ನಲ್ಲಿ ಒಂದೇ ಸಲ 128 ಹೊಸದು ಸೇರಿ 274 ಆಯ್ತು. ಎವರೆಸ್ಟ್ ಎತ್ತರ 8848 ಮೀಟರ್ ಅಂತ ಓದಿದ್ವಿ, 2020ರ ಡಿಸೆಂಬರ್‌ನಲ್ಲಿ ನೇಪಾಳ ಚೀನಾ ಎರಡೂ ಸೇರಿ 8848.86 ಅಂತ ಹೇಳಿದ್ವು. ಅದಕ್ಕೇ ನಂಬರ್ ಪಕ್ಕದಲ್ಲಿ ಯಾವ ವರ್ಷದ್ದು ಅಂತ ಬರೆಯೋದು ಅಭ್ಯಾಸ ಮಾಡ್ಕೊಳ್ಳಿ.

ಡೇಟ್ ಒಂದೇ ಇದ್ದೂ ನಂಬರ್ ಬೇರೆ ಇದ್ರೆ ಅಳೆಯೋ ರೀತಿ ಬೇರೆ ಇರ್ಬೇಕು, ಅಥವಾ ಒಬ್ರು ಮೈಲಿ ಇನ್ನೊಬ್ರು ಕಿಲೋಮೀಟರ್ ಹಾಕಿರ್ಬೇಕು. ಇದ್ಯಾವುದೂ ಅಲ್ಲ ಅಂದ್ರೆ ಎರಡನ್ನೂ ಬರೀರಿ, ಇವರು ಇಷ್ಟಂತಾರೆ ಅವರು ಅಷ್ಟಂತಾರೆ ಅಂತ. ಜಡ್ಜ್ ಆಗಿ ಹೇಳ್ತೀನಿ, ಹಾಗೆ ಬರೆದ ಮಗುಗೆ ಒಂದು ಮಾರ್ಕ್ಸ್ ಜಾಸ್ತಿನೇ ಕೊಟ್ಟಿದೀನಿ.

ಚಾಟ್‌ಜಿಪಿಟಿ ಕೇಳಿದ್ರೆ ಸೋರ್ಸ್ ಪಟ್ಟಿನೂ ಅದೇ ಕೊಡತ್ತಲ್ಲ?

ಕೊಡತ್ತೆ, ಅಲ್ಲೇ ಇರೋದು ಅಪಾಯ. ಲೇಖಕರ ಹೆಸರು, ಪತ್ರಿಕೆ ಹೆಸರು, ವರ್ಷ, ಪುಟದ ನಂಬರ್ ಎಲ್ಲಾ ಇರತ್ತೆ, ಹುಡುಕಿದ್ರೆ ಅಂಥ ಲೇಖನನೇ ಇರಲ್ಲ. ನೋಡೋಕೆ ಸೋರ್ಸ್ ಥರ ಕಾಣೋದನ್ನ ಹೆಣೆಯೋದು ಅದಕ್ಕೆ ನೀರು ಕುಡಿದಷ್ಟು ಸಲೀಸು. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ವಕೀಲರೇ ಇದಕ್ಕೆ ಸಿಕ್ಕಿಹಾಕ್ಕೊಂಡ್ರು, ಚಾಟ್‌ಜಿಪಿಟಿ ಕೊಟ್ಟ ಇಲ್ಲದ ಕೇಸ್‌ಗಳನ್ನ ಕೋರ್ಟ್‌ಗೆ ಬರೆದುಕೊಟ್ಟು 5000 ಡಾಲರ್ ದಂಡ ಕಟ್ಟಿದ್ರು. ಈಗಿನ ವರ್ಷನ್‌ಗಳು ಇಂಟರ್ನೆಟ್ ಹುಡುಕಿ ನಿಜವಾದ ಲಿಂಕ್ ಕೊಡತ್ತೆ, ಸುಧಾರಿಸಿದೆ, ಆದ್ರೂ ಲಿಂಕ್ ನಿಜ ಇದ್ದು ಅದರೊಳಗೆ ಇಲ್ಲದ ಮಾತನ್ನ ಅದರ ತಲೆಗೆ ಕಟ್ಟಿರೋದು ನಾನೇ ನೋಡಿದೀನಿ.

ಹಾಗಂತ ಮುಟ್ಲೇಬೇಡಿ ಅಂತ ಹೇಳಲ್ಲ. ನನ್ನ ಟಾಪಿಕ್‌ಗೆ ಯಾವ ಯಾವ ಪದ ಹಾಕಿ ಹುಡುಕ್ಲಿ ಅಂತ ಕೇಳಿ, ಒಂದು ಕಷ್ಟದ ಪ್ಯಾರಾ ಹಾಕಿ ಬಿಡಿಸಿ ಹೇಳು ಅಂತ ಕೇಳಿ, ಅದಕ್ಕೆ ಬಹಳ ಒಳ್ಳೇದು. ಅದು ಹೇಳಿದ ಪ್ರತಿ ಅಂಕಿಯನ್ನ ಬೇರೆ ಕಡೆ ಹುಡುಕಿ. ಲೇಖನ ನಿಜಾನಾ ಅಂತ ನೋಡೋಕೆ ಡಿಒಐ ಅನ್ನೋ ನಂಬರ್ ಇರತ್ತೆ, ಯಾವಾಗ್ಲೂ 10 ಅಂತ ಶುರುವಾಗತ್ತೆ, ಅದನ್ನ ಡಿಒಐ ಡಾಟ್ ಆರ್ಗ್ ಸೈಟ್‌ನಲ್ಲಿ ಹಾಕಿದ್ರೆ ನೇರ ಲೇಖನದ ಪೇಜ್‌ಗೇ ಹೋಗ್ಬೇಕು. ಹೋಗ್ಲಿಲ್ಲ, ಅಥವಾ ಯಾವುದೋ ಬೇರೆ ಲೇಖನ ತೆರೀತು ಅಂದ್ರೆ ಕಾಗೆ ಹಾರಿಸಿದೆ ಅಂತಲೇ ಅರ್ಥ.

ಯೂಟ್ಯೂಬ್ ವಿಡಿಯೋ ಸೋರ್ಸ್ ಆಗತ್ತಾ?

ಪ್ರಯೋಗ ಹೇಗೆ ಮಾಡೋದು ಅಂತ ನೋಡೋಕೆ ಚೆನ್ನಾಗಿದೆ. ಅಂಕಿಗೆ ಬೇಡ. ಒಳ್ಳೆ ಚಾನೆಲ್‌ನವರು ವಿಡಿಯೋ ಕೆಳಗೆ ಸೋರ್ಸ್‌ಗಳನ್ನ ಹಾಕಿರ್ತಾರೆ, ಅಲ್ಲಿಗೆ ಹೋಗಿ. ಏನೂ ಹಾಕದೆ ಬರೀ ಮ್ಯೂಸಿಕ್ ಜೋರಾಗಿದ್ರೆ ಎಂಟರ್‌ಟೈನ್‌ಮೆಂಟ್ ಅಂತ ನೋಡಿ ಮರೆತುಬಿಡಿ. ಕೆಲವು ಪ್ರಯೋಗದ ವಿಡಿಯೋಗಳು ಎಡಿಟ್ ಮಾಡಿದ ಶುದ್ಧ ಸುಳ್ಳು, ಮನೇಲಿ ಮಾಡಿದ್ರೆ ವರ್ಕ್ ಆಗಲ್ಲ, ಕೆಲವು ಅಪಾಯ ಕೂಡ, ದೊಡ್ಡೋರನ್ನ ಕೇಳದೆ ಕೆಮಿಕಲ್, ಬೆಂಕಿ, ಕರೆಂಟಿಂದು ಮಾಡೋಕೆ ಹೋಗ್ಬೇಡಿ.

ನಿಜವಾದ ರಿಸರ್ಚ್ ಪೇಪರ್ ಎಲ್ಲಿ ಸಿಗತ್ತೆ? ಎಲ್ಲಾ ಕಡೆ ದುಡ್ಡು ಕೇಳ್ತಾರೆ.

ಗೂಗಲ್ ಸ್ಕಾಲರ್‌ನಿಂದ ಶುರು ಮಾಡಿ, 2004ರಿಂದ ಇದೆ, ಸಾಮಾನ್ಯ ಗೂಗಲ್ ಥರಾನೇ ಟೈಪ್ ಮಾಡೋದು, ಆದ್ರೆ ಬರೋದು ಹೆಚ್ಚಾಗಿ ಪೇಪರ್, ಥೀಸಿಸ್, ಪುಸ್ತಕ. ಬಲಗಡೆ ಪಿಡಿಎಫ್ ಅಂತ ಲಿಂಕ್ ಇದ್ರೆ ಅದು ಫ್ರೀ. ಇಲ್ದಿದ್ರೆ ಕೆಳಗೆ ಎಲ್ಲಾ ಆವೃತ್ತಿಗಳು ಅನ್ನೋ ಲಿಂಕ್ ಒತ್ತಿ ನೋಡಿ, ಎಷ್ಟೋ ಸಲ ಲೇಖಕರ ಸ್ವಂತ ಪೇಜ್‌ನಲ್ಲಿ ಅದೇ ಪೇಪರ್ ಫ್ರೀ ಬಿದ್ದಿರತ್ತೆ. ಅನ್‌ಪೇವಾಲ್ ಅಂತ ಬ್ರೌಸರ್‌ಗೆ ಹಾಕ್ಕೊಳ್ಳೋ ಎಕ್ಸ್‌ಟೆನ್ಷನ್ ಇದೆ, ಕಾನೂನು ಪ್ರಕಾರ ಫ್ರೀ ಸಿಗೋ ಪ್ರತಿ ಎಲ್ಲಿದೆ ಅಂತ ಅದೇ ತೋರಿಸತ್ತೆ.

ದೇಹ, ರೋಗ, ಔಷಧಿ ಬಗ್ಗೆ ಆದ್ರೆ ಪಬ್‌ಮೆಡ್, ಅದರಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರ ಇದೆ, ಹೆಚ್ಚಿನವಕ್ಕೆ ಸಾರಾಂಶ ಸಿಗತ್ತೆ, ಪೂರ್ತಿ ಲೇಖನ ಫ್ರೀ ಬೇಕಂದ್ರೆ ಅದರ ಜೊತೆಗಾರ ಪಬ್‌ಮೆಡ್ ಸೆಂಟ್ರಲ್. ಭೌತಶಾಸ್ತ್ರ, ಖಗೋಳ, ಗಣಿತ ಆದ್ರೆ ಆರ್ಕೈವ್ (arXiv), 1991ರಿಂದ ಇದೆ, ಎಲ್ಲಾ ಫ್ರೀ, ಆದ್ರೆ ಅಲ್ಲಿರೋದು ಬೇರೆ ವಿಜ್ಞಾನಿಗಳು ಚೆಕ್ ಮಾಡೋ ಮೊದಲೇ ಹಾಕಿದ ಪ್ರಿಪ್ರಿಂಟ್ ಅನ್ನೋದು ನೆನಪಿರ್ಲಿ. ಯಾವುದೂ ಸಿಗ್ಲಿಲ್ಲ ಅಂದ್ರೆ ಲೇಖಕರಿಗೇ ಈಮೇಲ್ ಹಾಕಿ, ಪೇಪರ್‌ನ ಮೊದಲ ಪುಟದಲ್ಲೇ ಅಡ್ರೆಸ್ ಇರತ್ತೆ. ಮಕ್ಕಳು ಕೇಳಿದ್ರೆ ವಿಜ್ಞಾನಿಗಳಿಗೆ ಖುಷಿನೇ. ಅಪ್ಪ ಅಮ್ಮನ ಈಮೇಲಿಂದ, ನಾಲ್ಕು ಸಾಲಿನಲ್ಲಿ, ನಾನು ಇಂಥ ಕ್ಲಾಸು, ಇಂಥ ಪ್ರಾಜೆಕ್ಟು, ನಿಮ್ಮ ಪೇಪರ್ ಕಳಿಸ್ತೀರಾ ಅಂತ ಕೇಳಿದ್ರೆ ಸಾಕು.

ಪೇಪರ್ ತೆಗೆದೆ, ಒಂದಕ್ಷರ ಅರ್ಥ ಆಗ್ಲಿಲ್ಲ.

ನಂಗೂ ಎಷ್ಟೋ ಪೇಪರ್ ಅರ್ಥ ಆಗಲ್ಲ, ನಾಚಿಕೆ ಏನಿಲ್ಲ. ಕಾದಂಬರಿ ಥರ ಮೊದಲಿಂದ ಕೊನೆವರೆಗೆ ಓದೋಕೆ ಹೋಗ್ಬೇಡಿ. ಮೇಲಿರೋ ಸಾರಾಂಶ ಓದಿ, ಸೀದಾ ಕೊನೆಯ ತೀರ್ಮಾನಕ್ಕೆ ಹೋಗಿ, ಆಮೇಲೆ ಚಿತ್ರ ಗ್ರಾಫ್‌ಗಳನ್ನ ನೋಡಿ, ಅದರ ಕೆಳಗಿನ ವಿವರಣೆ ಓದಿ. ವಿಧಾನ ಅನ್ನೋ ಭಾಗದಲ್ಲಿ ಎರಡೇ ಎರಡು ವಿಷಯ ಹುಡುಕಿ: ಎಷ್ಟು ಸಲ ಅಥವಾ ಎಷ್ಟು ಜನರ ಮೇಲೆ ಮಾಡಿದ್ರು, ಹೋಲಿಸೋಕೆ ಏನನ್ನ ಇಟ್ಕೊಂಡಿದ್ರು. ಪೀಠಿಕೆಯಲ್ಲಿ ಹಳೇ ಸಂಶೋಧನೆಗಳ ಬಗ್ಗೆ ಸರಳವಾಗಿ ಬರೆದಿರ್ತಾರೆ, ನಿಮ್ಮ ಪ್ರಾಜೆಕ್ಟ್‌ನ ಹಿನ್ನೆಲೆ ಭಾಗಕ್ಕೆ ಬೇಕಾದ ಸರಕೆಲ್ಲ ಅಲ್ಲೇ ಇರತ್ತೆ. ರಿವ್ಯೂ ಲೇಖನ ಅಂತ ಬೇರೆ ಜಾತಿ ಇದೆ, ಒಂದು ವಿಷಯದ ಮೇಲೆ ಬಂದಿರೋ ಹತ್ತಾರು ಪೇಪರ್‌ಗಳನ್ನ ಒಟ್ಟು ಮಾಡಿ ಬರೆಯೋದು, ಮೊದಲು ಅದನ್ನ ಹುಡುಕಿ.

ವಿಜ್ಞಾನ ಪತ್ರಿಕೆಯಲ್ಲಿ ಪ್ರಿಂಟ್ ಆಗಿದೆ ಅಂದ್ರೆ ಸತ್ಯ ತಾನೇ?

ಸಾಧ್ಯತೆ ಜಾಸ್ತಿ, ಗ್ಯಾರಂಟಿ ಇಲ್ಲ. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಲೇಖನ 1998ರಲ್ಲಿ ಲ್ಯಾನ್ಸೆಟ್‌ನಂಥ ದೊಡ್ಡ ಪತ್ರಿಕೆಯಲ್ಲೇ ಬಂದಿದ್ದು, ಅದರಲ್ಲಿ ನೋಡಿದ್ದು ಬರೀ 12 ಮಕ್ಕಳನ್ನ, ವಾಪಸ್ ತಗೊಂಡಿದ್ದು 2010ರಲ್ಲಿ, ಹನ್ನೆರಡು ವರ್ಷ ಆದ್ಮೇಲೆ. ಆರ್ಸೆನಿಕ್ ಬಳಸಿ ಬದುಕೋ ಬ್ಯಾಕ್ಟೀರಿಯಾ ಅಂತ 2010ರಲ್ಲಿ ದೊಡ್ಡ ಸುದ್ದಿಯಾದ ಪೇಪರನ್ನ ಸೈನ್ಸ್ ಪತ್ರಿಕೆ 2025ರ ಜುಲೈನಲ್ಲಿ ವಾಪಸ್ ತಗೊಂಡ್ತು. ಹೀಗೆ ವಾಪಸ್ ಆಗಿದ್ರೆ ಪೇಪರ್‌ನ ಮೂಲ ಪೇಜ್‌ನಲ್ಲಿ ರಿಟ್ರ್ಯಾಕ್ಟೆಡ್ ಅಂತ ಎದ್ದು ಕಾಣೋ ಹಾಗೆ ಹಾಕಿರ್ತಾರೆ, ಅದಕ್ಕೇ ಯಾರೋ ಕಳಿಸಿದ ಪಿಡಿಎಫ್ ಒಂದನ್ನೇ ನಂಬದೆ ಮೂಲ ಪೇಜ್ ಒಂದ್ಸಲ ತೆಗೀರಿ.

ಇನ್ನು ದುಡ್ಡು ಕೊಟ್ರೆ ಏನನ್ನಾದ್ರೂ ಪ್ರಿಂಟ್ ಮಾಡೋ ಪತ್ರಿಕೆಗಳ ದಂಡೇ ಇದೆ. 2013ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಬೇಕಂತಲೇ ತಪ್ಪು ತುಂಬಿಸಿದ ಸುಳ್ಳು ಪೇಪರ್ ಒಂದನ್ನ 304 ಪತ್ರಿಕೆಗಳಿಗೆ ಕಳಿಸಿದ್ರೆ 157 ಪತ್ರಿಕೆಗಳು ಒಪ್ಕೊಂಡುಬಿಟ್ವು. ಅದೇ ಮನುಷ್ಯ 2015ರಲ್ಲಿ ಚಾಕೊಲೇಟ್ ತಿಂದ್ರೆ ತೂಕ ಬೇಗ ಇಳಿಯತ್ತೆ ಅಂತ ಹದಿನೈದು ಜನರ ಮೇಲೆ ಕಾಟಾಚಾರದ ಪ್ರಯೋಗ ಮಾಡಿ ಪ್ರಕಟಿಸಿದ, ಎಷ್ಟೋ ದೇಶದ ನ್ಯೂಸ್‌ಪೇಪರ್, ಟಿವಿ ಅದನ್ನ ಸುದ್ದಿ ಮಾಡಿದ್ವು. ಟ್ರಿಕ್ ಏನಪ್ಪಾ ಅಂದ್ರೆ ತೂಕ, ನಿದ್ದೆ, ಕೊಲೆಸ್ಟ್ರಾಲ್ ಅಂತ 18 ವಿಷಯ ಅಳೆದಿದ್ದು, ಅಷ್ಟು ಅಳೆದ್ರೆ ಯಾವುದಾದ್ರೂ ಒಂದರಲ್ಲಿ ಅದೃಷ್ಟಕ್ಕೆ ವ್ಯತ್ಯಾಸ ಕಾಣೋ ಸಾಧ್ಯತೆ ಜಾಸ್ತಿ. ಸುದ್ದಿ ಓದಿದಾಗ ಎಷ್ಟು ಜನರ ಮೇಲೆ ಮಾಡಿದ್ರು ಅಂತ ಹುಡುಕಿ, ಆ ಸಂಖ್ಯೆ ಸುದ್ದಿಯಲ್ಲಿ ಇಲ್ಲದಿದ್ರೆ ಆ ಸುದ್ದಿಯಿಂದ ಏನನ್ನೂ ತಗೋಬೇಡಿ.

ಬರೆದಿರೋದೆಲ್ಲ ನಿಜ ಇದ್ದೂ ಮೋಸ ಮಾಡ್ಬಹುದಾ?

ಆರಾಮಾಗಿ. 1997ರಲ್ಲಿ ಅಮೆರಿಕದ ಇಡಾಹೋದಲ್ಲಿ 14 ವರ್ಷದ ಹುಡುಗ ಇದನ್ನೇ ಸೈನ್ಸ್ ಫೇರ್ ಪ್ರಾಜೆಕ್ಟ್ ಮಾಡಿದ. ಡೈಹೈಡ್ರೋಜನ್ ಮಾನಾಕ್ಸೈಡ್ ಅನ್ನೋ ಕೆಮಿಕಲ್ ಇದೆ, ಉಸಿರಿನ ಜೊತೆ ಒಳಗೆ ಎಳ್ಕೊಂಡ್ರೆ ಸಾವು ಬರಬಹುದು, ಆಸಿಡ್ ಮಳೆಯಲ್ಲಿ ಇದೇ ಮುಖ್ಯವಾಗಿರೋದು, ಆವಿಯಾಗಿದ್ದಾಗ ಸುಡತ್ತೆ, ಇದನ್ನ ಬ್ಯಾನ್ ಮಾಡ್ಬೇಕಾ ಅಂತ 50 ಮಕ್ಕಳನ್ನ ಕೇಳಿದ, 43 ಜನ ಮಾಡ್ಬೇಕು ಅಂದ್ರು. ಅದು ನೀರು! ಒಂದು ವಾಕ್ಯನೂ ಸುಳ್ಳಿರಲಿಲ್ಲ. ಕೆಮಿಕಲ್ ಅಂತ ಹೆದರಿಸೋ ಪೇಜ್ ಸಿಕ್ಕಾಗ ಎಷ್ಟು ಪ್ರಮಾಣದಲ್ಲಿ ಅಪಾಯ ಅಂತ ಹೇಳಿದಾರಾ ನೋಡಿ, ಪಬ್‌ಕೆಮ್ ಅನ್ನೋ ಫ್ರೀ ಡೇಟಾಬೇಸ್‌ನಲ್ಲಿ ಆ ಹೆಸರು ಹಾಕಿ ಅದು ಏನು ವಸ್ತು ಅಂತ ತಿಳ್ಕೊಳ್ಳಿ.

ನಾನೇ ಅಳೆಯೋಕೆ ಆಗಲ್ಲ, ರೆಡಿ ಡೇಟಾ ಎಲ್ಲಾದ್ರೂ ಸಿಗತ್ತಾ?

ಈ ಪ್ರಶ್ನೆ ಕೇಳೋರು ಕಡಿಮೆ, ಕೇಳಿದ್ರೆ ನಂಗೆ ತುಂಬಾ ಖುಷಿ, ಯಾಕಂದ್ರೆ ಬೇರೆಯವರು ಬರೆದಿದ್ದನ್ನ ಬರೆಯೋದಕ್ಕಿಂತ ಅಳೆದವರ ಕೈಯಿಂದಲೇ ಅಂಕಿ ತಗೊಂಡು ನೀವೇ ಗ್ರಾಫ್ ಹಾಕೋದು ಎಷ್ಟೋ ಮೇಲು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಅಳೀತಾ ಇದಾರೆ, ಶುರುವಲ್ಲಿ ಸುಮಾರು 315 ಪಿಪಿಎಂ (ಹತ್ತು ಲಕ್ಷದಲ್ಲಿ 315 ಭಾಗ) ಇತ್ತು, ಈಗ 420 ದಾಟಿದೆ, ತಿಂಗಳು ತಿಂಗಳಿನ ಅಂಕಿ ನೋವಾ (NOAA) ಅನ್ನೋ ಅಮೆರಿಕದ ಹವಾಮಾನ, ಸಾಗರ ಸಂಸ್ಥೆಯ ಸೈಟ್‌ನಲ್ಲಿ ಫ್ರೀ. ಗ್ರಾಫ್ ಹಾಕಿ ನೋಡಿ, ಗೆರೆ ನೇರ ಮೇಲೆ ಹೋಗಲ್ಲ, ಪ್ರತಿ ವರ್ಷ ಗರಗಸದ ಹಲ್ಲಿನ ಥರ ಏರಿಳಿಯತ್ತೆ, ಉತ್ತರಾರ್ಧ ಗೋಳದಲ್ಲಿ ಬೇಸಿಗೆಗೆ ಗಿಡಮರ ಚಿಗುರಿ ಹೀರ್ಕೊಳ್ಳೋದು, ಚಳಿಗಾಲಕ್ಕೆ ಬಿಡೋದು ಅದರಲ್ಲಿ ಕಾಣತ್ತೆ. ಇಡೀ ಭೂಮಿ ಉಸಿರಾಡೋದನ್ನ ನಿಮ್ಮ ಚಾರ್ಟ್ ಮೇಲೆ ತೋರಿಸ್ಬಹುದು.

ಭೂಕಂಪಕ್ಕೆ ಯುಎಸ್‌ಜಿಎಸ್ ಅನ್ನೋ ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಸೈಟ್, ಯಾವ ದಿನದಿಂದ ಯಾವ ದಿನ, ಎಷ್ಟು ತೀವ್ರತೆಗಿಂತ ಮೇಲೆ ಅಂತ ಹಾಕಿದ್ರೆ ಪಟ್ಟಿ ಡೌನ್‌ಲೋಡ್ ಆಗತ್ತೆ, ಎಕ್ಸೆಲ್‌ನಲ್ಲಿ ತೆರೀಬಹುದು. ಗ್ರಹಗಳು, ಹವಾಮಾನ ಅಂದ್ರೆ ನಾಸಾ. ಯಾವ ಪ್ರಾಣಿ ಸಸ್ಯ ಎಲ್ಲೆಲ್ಲಿ ಕಂಡಿದೆ ಅನ್ನೋದಕ್ಕೆ ಜಿಬಿಐಎಫ್, ಹಕ್ಕಿಗೆ ಈಬರ್ಡ್.

ಆದ್ರೆ ಒಂದು ಬಲೆ ಇದೆ, ದೊಡ್ಡೋರೂ ಬೀಳ್ತಾರೆ. ನೂರು ವರ್ಷದ ಭೂಕಂಪದ ಪಟ್ಟಿ ತಗೊಂಡು ಗ್ರಾಫ್ ಹಾಕಿದ್ರೆ ಸಣ್ಣ ಭೂಕಂಪಗಳು ವರ್ಷ ವರ್ಷಕ್ಕೆ ಭಯಂಕರ ಜಾಸ್ತಿ ಆಗ್ತಾ ಇದೆ ಅನ್ಸತ್ತೆ. ಜಾಸ್ತಿ ಆಗಿದ್ದು ಭೂಕಂಪ ಅಲ್ಲ, ಅಳೆಯೋ ಯಂತ್ರಗಳು. ಮೊದಲು ಯಾರೂ ಗಮನಿಸದೇ ಹೋಗ್ತಿದ್ದ ಚಿಕ್ಕಪುಟ್ಟ ನಡುಕ ಎಲ್ಲಾ ಈಗ ದಾಖಲಾಗ್ತಾ ಇದೆ. ಶನಿಯ ಚಂದ್ರಗಳ ಕಥೆನೂ ಇದೇ, ಹಕ್ಕಿ ಲೆಕ್ಕದಲ್ಲೂ ಹಕ್ಕಿ ಜಾಸ್ತಿ ಆಯ್ತಾ ಹಕ್ಕಿ ನೋಡೋರು ಜಾಸ್ತಿ ಆದ್ರಾ ಅಂತ ಕೇಳ್ಕೋಬೇಕು. ತೀವ್ರತೆ 7ಕ್ಕಿಂತ ಮೇಲಿನ ಭೂಕಂಪ ಮಾತ್ರ ತಗೊಂಡು ಗ್ರಾಫ್ ಹಾಕಿ, ಆ ಏರಿಕೆ ಮಾಯ ಆಗತ್ತೆ, ಅಷ್ಟು ದೊಡ್ಡದು ಹಳೇ ಯಂತ್ರಕ್ಕೂ ಸಿಕ್ಕೇ ಸಿಗ್ತಿತ್ತು. ಎರಡೂ ಗ್ರಾಫ್ ಪಕ್ಕಪಕ್ಕ ಇಟ್ರೆ ಅದೇ ಒಂದು ಪ್ರಾಜೆಕ್ಟ್.

ಸರ್ಚ್‌ನಲ್ಲಿ ಏನಂತ ಟೈಪ್ ಮಾಡ್ಲಿ?

ಪ್ರಶ್ನೆ ಪೂರ್ತಿ ಟೈಪ್ ಮಾಡೋದಕ್ಕಿಂತ ಮುಖ್ಯ ಪದ ಮಾತ್ರ ಹಾಕಿ. ಸರಿಯಾಗಿ ಅದೇ ಮಾತು ಬೇಕಂದ್ರೆ ಉದ್ಧರಣ ಚಿಹ್ನೆ ಒಳಗೆ ಹಾಕಿ. ಸೈಟ್ ಅಂತ ಇಂಗ್ಲಿಷ್‌ನಲ್ಲಿ ಬರೆದು ಕೋಲನ್ ಹಾಕಿ ಜಾಗ ಬಿಡದೆ ಸೈಟ್ ಅಡ್ರೆಸ್ ಬರೆದ್ರೆ ಆ ಸೈಟ್ ಒಳಗೆ ಮಾತ್ರ ಹುಡುಕತ್ತೆ. ಯಾವುದಾದ್ರೂ ಪದ ಇರೋ ಪೇಜ್ ಬೇಡ ಅಂದ್ರೆ ಆ ಪದಕ್ಕಿಂತ ಮೊದಲು ಜಾಗ ಬಿಡದೆ ಮೈನಸ್ ಹಾಕಿ. ಇನ್ನೊಂದು, ನಿಮ್ಮ ಉತ್ತರವನ್ನ ಪ್ರಶ್ನೆ ಒಳಗೇ ಸೇರಿಸ್ಬೇಡಿ. "ಮ್ಯೂಸಿಕ್ ಕೇಳಿದ್ರೆ ಗಿಡ ಬೇಗ ಬೆಳೆಯೋದು ಯಾಕೆ" ಅಂತ ಹುಡುಕಿದ್ರೆ ಯಾಕೆ ಅಂತ ಹೇಳೋರೇ ಸಿಗ್ತಾರೆ, "ಗಿಡದ ಬೆಳವಣಿಗೆ ಮೇಲೆ ಶಬ್ದದ ಪರಿಣಾಮ" ಅಂದ್ರೆ ಎರಡೂ ಕಡೆಯವರು ಸಿಗ್ತಾರೆ.

ನಂಗೆ ಇಂಗ್ಲಿಷ್ ಕಷ್ಟ, ಕನ್ನಡದಲ್ಲಿ ಸಿಗಲ್ವಾ?

ಕನ್ನಡ ವಿಕಿಪೀಡಿಯ 2003ರಿಂದ ಇದೆ, ಮೂಲ ವಿಷಯ ತಿಳ್ಕೊಳ್ಳೋಕೆ ಅಲ್ಲಿಂದ ಶುರು ಮಾಡಿ, ಆದ್ರೆ ಲೇಖನ ಕಡಿಮೆ, ಕೆಲವು ಅರ್ಧಂಬರ್ಧ, ಅಳೆದವರ ಮೂಲ ದಾಖಲೆ ಹೆಚ್ಚುಕಡಿಮೆ ಎಲ್ಲಾ ಇಂಗ್ಲಿಷ್‌ನಲ್ಲೇ ಇರೋದು, ಇದು ಬೇಜಾರಿನ ವಿಷಯನೇ. ಒಂದು ಉಪಾಯ ಹೇಳ್ತೀನಿ. ನಿಮಗೆ ದ್ಯುತಿಸಂಶ್ಲೇಷಣೆ ಗೊತ್ತು, ಅದರ ಇಂಗ್ಲಿಷ್ ಪದ ಗೊತ್ತಿಲ್ಲ ಅನ್ಕೊಳ್ಳಿ. ಕನ್ನಡ ವಿಕಿಪೀಡಿಯದ ಆ ಪೇಜ್ ತೆಗೆದು ಭಾಷೆ ಬದಲಿಸೋ ಕಡೆ ಇಂಗ್ಲಿಷ್ ಒತ್ತಿದ್ರೆ ಅದೇ ವಿಷಯದ ಇಂಗ್ಲಿಷ್ ಪೇಜ್ ಬರತ್ತೆ, ಅದರ ತಲೆಬರಹವೇ ನಿಮಗೆ ಬೇಕಾದ ಪದ, ಅದನ್ನ ಸ್ಕಾಲರ್‌ನಲ್ಲಿ ಹಾಕಿ.

ಆಮೇಲೆ ಪೇಜನ್ನ ಟ್ರಾನ್ಸ್‌ಲೇಟ್ ಮಾಡಿ ಓದಿ, ತಪ್ಪಿಲ್ಲ, ಪದಗಳ ಮೇಲೆ ಒಂದು ಕಣ್ಣಿರ್ಲಿ. ಸಲ್ಯೂಷನ್ ಅಂದ್ರೆ ದ್ರಾವಣ ಆಗ್ಬೇಕಾದ ಕಡೆ ಪರಿಹಾರ ಅಂತ ಬರಬಹುದು, ಕರೆಂಟ್ ಹೋಗಿ ಪ್ರಸ್ತುತ ಆಗಬಹುದು. "ಉಪ್ಪಿನ ಪರಿಹಾರ" ಅಂತ ಚಾರ್ಟ್‌ನಲ್ಲಿ ಬರೆದಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಪಾಪ, ನಗು ತಡ್ಕೊಂಡೆ.

ಚಿಕ್ಕ ಕ್ಲಾಸ್ ಮಕ್ಕಳಿಗೆ ಯಾವುದು ಒಳ್ಳೇದು?

ನಾಸಾದ ಸ್ಪೇಸ್ ಪ್ಲೇಸ್, ಪ್ರಯೋಗದ ಐಡಿಯಾಗೆ ಸೈನ್ಸ್ ಬಡ್ಡೀಸ್, ಕಂಪ್ಯೂಟರ್‌ನಲ್ಲೇ ಆಟ ಆಡ್ತಾ ಕಲಿಯೋಕೆ ಫೆಟ್ ಸಿಮ್ಯುಲೇಷನ್‌ಗಳು, ಇದರಲ್ಲಿ ಕೆಲವು ಕನ್ನಡದಲ್ಲೂ ಇವೆ. ನಂಗೆ ತುಂಬಾ ಇಷ್ಟ ಆಗೋದು ಫ್ರಂಟಿಯರ್ಸ್ ಫಾರ್ ಯಂಗ್ ಮೈಂಡ್ಸ್, 2013ರಲ್ಲಿ ಶುರುವಾಗಿದ್ದು, ವಿಜ್ಞಾನಿಗಳು ಮಕ್ಕಳಿಗಾಗಿ ಬರೀತಾರೆ, ಮಕ್ಕಳೇ ಅದನ್ನ ಓದಿ ಇದು ಅರ್ಥ ಆಗ್ಲಿಲ್ಲ ತಿದ್ದಿ ಅಂತ ಹೇಳ್ತಾರೆ, ತಿದ್ದಿದ ಮೇಲೇ ಪ್ರಕಟ ಆಗೋದು.

ಎಷ್ಟು ಸೋರ್ಸ್ ಬೇಕು, ಹೇಗೆ ಬರೀಬೇಕು?

ಟೀಚರ್ ಹೇಳಿದಷ್ಟು. ಹೇಳಿಲ್ಲ ಅಂದ್ರೆ ನಾಲ್ಕೈದು ಸಾಕು, ಓದಿರೋದನ್ನ ಮಾತ್ರ ಹಾಕಿ. ಯಾರು ಬರೆದಿದ್ದು, ತಲೆಬರಹ, ಎಲ್ಲಿ ಬಂದಿದ್ದು, ಯಾವ ವರ್ಷ, ಲಿಂಕ್, ನೀವು ನೋಡಿದ ದಿನ. ಓದುವಾಗಲೇ ಬರೆದಿಟ್ಕೊಳ್ಳಿ, ಕೊನೇ ದಿನ ರಾತ್ರಿ ಬ್ರೌಸರ್ ಹಿಸ್ಟರಿ ಕೆದಕೋದು ನರಕ. ಲಿಂಕ್ ಸತ್ತೋಗಿದ್ರೆ ವೆಬ್ ಪೇಜ್‌ಗಳ ಹಳೇ ಪ್ರತಿ ಕೂಡಿಡೋ ವೇಬ್ಯಾಕ್ ಮಷೀನ್ ಸೈಟ್‌ನಲ್ಲಿ ಆ ಅಡ್ರೆಸ್ ಹಾಕಿ ನೋಡಿ, ಹಳೇ ಪ್ರತಿ ಸಿಗೋ ಚಾನ್ಸ್ ಇದೆ. ಚಿತ್ರ ತಗೊಂಡ್ರೆ ಅದಕ್ಕೂ ಬರೀರಿ, ಗೂಗಲ್ ಇಮೇಜ್ ಅಂತ ಬರೆಯೋದು ಮಾತ್ರ ಬೇಡ, ಚಿತ್ರ ತೆಗೆದವರು ಯಾರು ಅಂತ ರಿವರ್ಸ್ ಇಮೇಜ್ ಸರ್ಚ್‌ನಲ್ಲಿ, ಅಂದ್ರೆ ಪದದ ಬದಲು ಚಿತ್ರವನ್ನೇ ಹಾಕಿ ಹುಡುಕಿ, ನೋಡ್ಬಹುದು.

ನಾನು ಮಾಡಿದ ಪ್ರಯೋಗದ ರಿಸಲ್ಟ್ ಸೋರ್ಸ್‌ಗೆ ಹೊಂದ್ತಾ ಇಲ್ಲ. ನಂಬರ್ ಸ್ವಲ್ಪ ಅಡ್ಜಸ್ಟ್ ಮಾಡ್ಲಾ?

ಬೇಡ್ವೇ ಬೇಡ. ಒಂದ್ಸಲ ಒಬ್ಬ ಹುಡುಗಿ ನೀರು 97 ಡಿಗ್ರಿಗೇ ಕುದೀತು ಅಂತ ಬರೆದು, ಅದನ್ನ ಉಜ್ಜಿ ಅಳಿಸಿ 100 ಅಂತ ತಿದ್ದಿದ್ಳು, ಅಳಿಸಿದ ಗುರುತು ಕಾಣ್ತಾ ಇತ್ತು. ಅವಳ 97 ಸರಿಯಾಗೇ ಇತ್ತು. 100 ಅನ್ನೋದು ಸಮುದ್ರ ಮಟ್ಟದ ಲೆಕ್ಕ, ಮೇಲೆ ಹೋದಂಗೆ ಗಾಳಿಯ ಒತ್ತಡ ಕಡಿಮೆ ಆಗಿ ಸುಮಾರು 300 ಮೀಟರಿಗೆ 1 ಡಿಗ್ರಿಯಷ್ಟು ಕುದಿಯೋ ಬಿಂದು ಇಳಿಯತ್ತೆ, ಅವಳಿದ್ದ ಜಾಗ ಸುಮಾರು 900 ಮೀಟರ್ ಎತ್ತರ.

ಹೊಂದದೇ ಇದ್ದಾಗ ಮೊದಲು ನಿಮ್ಮ ಉಪಕರಣ ಚೆಕ್ ಮಾಡಿ, ಥರ್ಮಾಮೀಟರನ್ನ ಕರಗ್ತಾ ಇರೋ ಐಸ್ ನೀರಲ್ಲಿಟ್ರೆ 0 ತೋರಿಸ್ಬೇಕು. ಆಮೇಲೆ ಇನ್ನೂ ಮೂರು ನಾಲ್ಕು ಸಲ ಅಳೀರಿ. ಆಮೇಲೆ ಸೋರ್ಸ್‌ನಲ್ಲಿ ಅವರು ಯಾವ ಪರಿಸ್ಥಿತಿಯಲ್ಲಿ ಅಳೆದಿದ್ರು ಅಂತ ಮತ್ತೆ ಓದಿ. ಅಷ್ಟಾದ್ಮೇಲೂ 97 ಬಂದ್ರೆ 97 ಅಂತಲೇ ಬರೀರಿ, ಪಕ್ಕದಲ್ಲಿ ದಿನ, ಸಮಯ, ಎಷ್ಟು ಎತ್ತರದ ಜಾಗ, ಯಾವ ಥರ್ಮಾಮೀಟರ್ ಅಂತ ಹಾಕಿ, "ಅಳೆದವರು" ಅನ್ನೋ ಕಡೆ ನಿಮ್ಮ ಹೆಸರು ಹಾಕಿ.